ಒಂದೇ ಬೆಂಚಿನ ಪ್ರಾರ್ಥನೆ



ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮಕ್ಕಳಿಗೊಂದು ಶಾಲೆ, ಪ್ರೊಟೆಸ್ಟೆಂಟ್ ಮಕ್ಕಳಿಗೆ ಇನ್ನೊಂದು ಎಂಬುದು ಬಹುಕಾಲದ ರೂಢಿ. ಇಬ್ಬರೂ ಕ್ರೈಸ್ತರೇ. ಆದರೂ ಪಕ್ಕದ ಬೀದಿಯ ಹುಡುಗನ ಪರಿಚಯವಿಲ್ಲದೆ ಬೆಳೆದವರು ಅನೇಕರು. 1960ರ ದಶಕದ ಕೊನೆಯಿಂದ 1998ರವರೆಗೆ ನಡೆದ ಹಿಂಸಾಚಾರಕ್ಕೆ ಸುಮಾರು 3,500 ಜನ ಬಲಿಯಾದರು. ಜಗಳ ಬರೀ ಧರ್ಮದ್ದಲ್ಲ. ಬ್ರಿಟನ್ನಿನೊಡನೆ ಉಳಿಯಬೇಕೇ, ಐರ್ಲೆಂಡಿಗೆ ಸೇರಬೇಕೇ ಎಂಬುದೂ ಅದರ ಬೇರು.

ಈ ಗಲಭೆಯ ನಡುವೆಯೇ, 1981ರಲ್ಲಿ, ಕೆಲವು ತಂದೆತಾಯಂದಿರು ಬೆಲ್‌ಫಾಸ್ಟಿನಲ್ಲಿ ಲ್ಯಾಗನ್ ಕಾಲೇಜ್ ಎಂಬ ಪ್ರೌಢಶಾಲೆ ತೆರೆದರು. ಆರಂಭದಲ್ಲಿ ಸರ್ಕಾರದ ಹಣವಿರಲಿಲ್ಲ. ಇದ್ದ ಮಕ್ಕಳು 28, ಎರಡೂ ಪಂಗಡದವರು.

ಇಂಥ ಕೂಡುಶಾಲೆಗಳ ಉದ್ದೇಶ ಭೇದವನ್ನು ಮರೆಮಾಚುವುದಲ್ಲ. ಯೇಸು ಕಲಿಸಿದ ಪ್ರಾರ್ಥನೆಯನ್ನೇ ನೋಡಿ. ಅದು ಇಬ್ಬರಿಗೂ ಒಂದೇ. ಪ್ರೊಟೆಸ್ಟೆಂಟರು ಕೊನೆಗೆ ಒಂದು ಸ್ತುತಿವಾಕ್ಯ ಸೇರಿಸುತ್ತಾರೆ. ಕ್ಯಾಥೊಲಿಕರು ಸಾಮಾನ್ಯವಾಗಿ ಅದಕ್ಕೆ ಮೊದಲೇ ನಿಲ್ಲಿಸುತ್ತಾರೆ. ಒಟ್ಟಿಗೆ ಪ್ರಾರ್ಥಿಸಿದಾಗ ಆ ವ್ಯತ್ಯಾಸ ಮಗುವಿನ ಕಿವಿಗೆ ಬೀಳುತ್ತದೆ. ಏಕೆ ಹೀಗೆ ಎಂದು ಅದು ಕೇಳಿದರೆ ಅಲ್ಲಿಂದಲೇ ಪಾಠ ಶುರು. ಪ್ರತ್ಯೇಕ ಶಾಲೆಯಲ್ಲಿ ಆ ಪ್ರಶ್ನೆ ಹುಟ್ಟುವುದೇ ಕಷ್ಟ. ಕೂಡುಶಾಲೆಯಲ್ಲಿದ್ದರೂ ಕ್ಯಾಥೊಲಿಕ್ ಮಕ್ಕಳು ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುತ್ತಾರೆ. ಯಾರೂ ತಮ್ಮ ಸಭೆ ಬಿಡಬೇಕಿಲ್ಲ.

1998ರ ಗುಡ್ ಫ್ರೈಡೇ ಒಪ್ಪಂದ ಕೂಡುಶಿಕ್ಷಣವನ್ನು ಬೆಂಬಲಿಸಿತು. 2022ರಲ್ಲಿ ಅಲ್ಲಿನ ಶಾಸನಸಭೆ ಕಾಯ್ದೆಯನ್ನೂ ಮಾಡಿತು. ಹಾಗಿದ್ದೂ ಇಂಥ ಶಾಲೆಗಳಲ್ಲಿ ಓದುವವರು ಹತ್ತು ಮಕ್ಕಳಲ್ಲಿ ಒಬ್ಬರಿಗಿಂತ ಕಡಿಮೆ. ಕಾಯ್ದೆ ಶಾಲೆಯ ಬಾಗಿಲು ತೆರೆಯಬಹುದು. ಮಗುವಿನ ಕೈಹಿಡಿದು ಅಲ್ಲಿಗೆ ಕರೆತರಬೇಕಾದವರು ತಂದೆತಾಯಂದಿರೇ.