ಆಪತ್ತಿಗೆ ಜಲಜನಕ: ಸೇನಾನೆಲೆಗಳು ಕಲಿಸುವ ಪಾಠ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ, ಫುಲ್‌ಶೀರ್‌ನಲ್ಲಿ ಮಾಡಿದ ಭಾಷಣ)



ಬಿಸಿಬೇಳೆ ಭಾತಿನ ಪರಿಮಳ ಸಭಾಂಗಣಕ್ಕೆ ಬರುತ್ತಿರುವಾಗ ವಿಜ್ಞಾನ ಹೇಳಹೊರಟವನ ಕಷ್ಟ ತಮಗೆ ಅರ್ಥವಾದೀತು. ಚಿಕ್ಕದಾಗಿಯೇ ಹೇಳುತ್ತೇನೆ.

ಊರಿನಲ್ಲಿ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಸಂಜೆಗೆ ಮೊದಲೇ ಕಂದೀಲಿನ ಗಾಜು ಒರೆಸಿ, ಸೀಮೆಎಣ್ಣೆ ತುಂಬಿ ಇಡುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಆ ಅಭ್ಯಾಸ ಮರೆತೆವು. 2021ರ ಫೆಬ್ರವರಿಯ ಹಿಮಗಾಳಿ ಅದನ್ನು ನೆನಪಿಸಿತು. ಟೆಕ್ಸಾಸಿನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಇಡೀ ರಾಜ್ಯದ ವಿದ್ಯುತ್ ಜಾಲ ಕುಸಿಯಲು ಉಳಿದಿದ್ದದ್ದು 4 ನಿಮಿಷ 37 ಸೆಕೆಂಡು. ಸತ್ತವರು ಸರ್ಕಾರಿ ಲೆಕ್ಕದಂತೆ 246 ಮಂದಿ. ಅವರಲ್ಲಿ ಬಹಳಷ್ಟು ಜನ ಚಳಿಗೆ ಸತ್ತರು. ಬೆಚ್ಚಗಾಗಲೆಂದು ಮನೆಯೊಳಗೆ ಇದ್ದಲು ಉರಿಸಿ, ಗ್ಯಾರೇಜಿನಲ್ಲಿ ಜನರೇಟರ್ ಓಡಿಸಿ, ವಿಷಾನಿಲದಿಂದ ಸತ್ತವರೂ ಇದ್ದರು. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ 22 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು.

ಇಂಥ ಆಪತ್ತಿಗೆ ಸೇನೆ ಹೇಗೆ ಸಿದ್ಧವಾಗುತ್ತದೆ? ಅಮೆರಿಕದ ಭೂಸೇನೆ 2017ರಲ್ಲಿ ಒಂದು ಆದೇಶ ಹೊರಡಿಸಿತು. ಹೊರಗಿನ ಕರೆಂಟು, ನೀರು ನಿಂತರೂ ಅತ್ಯಗತ್ಯ ಕೆಲಸ ಕನಿಷ್ಠ 14 ದಿನ ನಡೆಯಬೇಕು. ಬಹುಕಾಲದಿಂದ ಇದಕ್ಕೆ ಆಸರೆ ಡೀಸೆಲ್ ಜನರೇಟರ್. ಆದರೆ ವರ್ಷಗಟ್ಟಲೆ ಇಟ್ಟ ಡೀಸೆಲ್ ಕೆಡುತ್ತದೆ. ಬೇಕಾದ ದಿನವೇ ಎಂಜಿನ್ ಸ್ಟಾರ್ಟ್ ಆಗದೆ ಹೋಗಬಹುದು. ಹೊಗೆ, ಶಾಖ, ಗದ್ದಲ ಬೇರೆ.

ಇದಕ್ಕೆ ಬದಲಿಯಾಗಿ ಬಂದದ್ದು ಜಲಜನಕದ ಇಂಧನಕೋಶ, ಅಂದರೆ ಫ್ಯುಯೆಲ್ ಸೆಲ್. ನೀರಿನಲ್ಲಿ ವಿದ್ಯುತ್ ಹರಿಸಿದರೆ ಜಲಜನಕ, ಆಮ್ಲಜನಕ ಬೇರೆಯಾಗುತ್ತವೆಂದು ಶಾಲೆಯಲ್ಲಿ ಓದಿದ್ದೇವೆ. ಇಂಧನಕೋಶ ಅದರ ತಿರುಗುಮುರುಗು. ನಡುವೆ ತೆಳುವಾದೊಂದು ಪೊರೆ. ಒಂದು ಕಡೆ ಜಲಜನಕ, ಇನ್ನೊಂದು ಕಡೆ ಗಾಳಿ. ಎರಡೂ ಸೇರಿದಾಗ ವಿದ್ಯುತ್ತು, ಸ್ವಲ್ಪ ಬಿಸಿ, ಮತ್ತು ನೀರು. ಬೆಂಕಿಯಿಲ್ಲ, ಹೊಗೆಯಿಲ್ಲ. ಇದರ ಮೂಲತತ್ತ್ವವನ್ನು ವಿಲಿಯಂ ಗ್ರೋವ್ ತೋರಿಸಿದ್ದು 1839ರಷ್ಟು ಹಿಂದೆ.

ನಮ್ಮ ಹ್ಯೂಸ್ಟನ್ನಿಗೂ ಇದಕ್ಕೂ ಹಳೆಯ ನಂಟು. ಚಂದ್ರನಿಗೆ ಹೋದ ಅಪೊಲೊ ನೌಕೆಗಳಿಗೆ ವಿದ್ಯುತ್ ಕೊಟ್ಟದ್ದು ಮೂರು ಇಂಧನಕೋಶಗಳು. ಅವುಗಳಿಂದ ಬಂದ ನೀರನ್ನೇ ಯಾನಿಗಳು ಕುಡಿದರು. 1970ರ ಏಪ್ರಿಲಿನಲ್ಲಿ ಅಪೊಲೊ 13ರಲ್ಲಿ ಆಮ್ಲಜನಕದ ತೊಟ್ಟಿ ಸಿಡಿದು, ಉಣಿಸು ನಿಂತ ಮೇಲೆ, ಆ ಕೋಶಗಳೂ ಒಂದೊಂದಾಗಿ ನಿಂತವು. ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಉಣಿಸುವ ದಾರಿ ಕಡಿದರೆ ಮುಗಿಯಿತು. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

2011ರಲ್ಲಿ ಅಮೆರಿಕದ ಇಂಧನ ಇಲಾಖೆ ಮತ್ತು ರಕ್ಷಣಾ ಇಲಾಖೆ ಸೇರಿ, ಎಂಟು ರಕ್ಷಣಾ ನೆಲೆಗಳಲ್ಲಿ ತುರ್ತು ವಿದ್ಯುತ್ತಿಗಾಗಿ 18 ಇಂಧನಕೋಶ ವ್ಯವಸ್ಥೆಗಳನ್ನು ಹೂಡುವ ಯೋಜನೆ ಪ್ರಕಟಿಸಿದವು. ಇಲ್ಲಿಂದ ಸುಮಾರು ಮೂರು ಗಂಟೆಯ ಕಾರುದಾರಿಯ ಫೋರ್ಟ್ ಹುಡ್ ಕೂಡ ಆ ಪಟ್ಟಿಯಲ್ಲಿತ್ತು.

ಈಗ ಸ್ವಲ್ಪ ಲೆಕ್ಕ. ಒಂದು ಕಿಲೊ ಜಲಜನಕದಿಂದ ಸುಮಾರು 16 ಯೂನಿಟ್ ವಿದ್ಯುತ್ ಪಡೆಯಬಹುದು. ಆದರೆ ಆಳೆತ್ತರದ ಉಕ್ಕಿನ ಸಿಲಿಂಡರಿನಲ್ಲಿ ಹಿಡಿಯುವುದು ಸುಮಾರು 600 ಗ್ರಾಂ ಮಾತ್ರ. 5 ಕಿಲೊವಾಟ್‌ನ ಒಂದು ರೇಡಿಯೊ ಕೇಂದ್ರ 14 ದಿನ ನಡೆಯಲು 1,680 ಯೂನಿಟ್ ಬೇಕು. ಅಂದರೆ 105 ಕಿಲೊ ಜಲಜನಕ, ಸುಮಾರು 175 ಸಿಲಿಂಡರು! ಕೋಶ ಬೀರುವಿನಷ್ಟು, ಉಗ್ರಾಣ ಮನೆಯಷ್ಟು. ಕೆಲವು ಗಂಟೆಗಳಿಗೆ ಇದು ಸೊಗಸು. ಎರಡು ವಾರಕ್ಕೆ ಕಷ್ಟ.

“ಟೆಕ್ಸಾಸಿನಲ್ಲಿ ಜಲಜನಕಕ್ಕೇನು ಬರ?” ಎಂದು ತಾವು ಕೇಳಬಹುದು. ನಿಜ, ಪಕ್ಕದ ಬ್ರಜೋರಿಯಾ ಕೌಂಟಿಯ ಕ್ಲೆಮೆನ್ಸ್‌ನಲ್ಲಿ ನೆಲದಡಿಯ ಉಪ್ಪಿನ ಗುಹೆಯೊಳಗೆ 1980ರ ದಶಕದಿಂದಲೂ ಜಲಜನಕ ಕೂಡಿಟ್ಟಿದ್ದಾರೆ. ಆದರೆ ಇಲ್ಲಿನ ಜಲಜನಕದ ಬಹುಪಾಲು ತಯಾರಾಗುವುದು ನೈಸರ್ಗಿಕ ಅನಿಲದಿಂದ. 2021ರಲ್ಲಿ ಆದದ್ದೇನು? ಅನಿಲದ ಬಾವಿಗಳು ಹೆಪ್ಪುಗಟ್ಟಿದವು. ಅನಿಲವಿಲ್ಲದೆ ವಿದ್ಯುತ್ ಸ್ಥಾವರ ನಿಂತವು. ವಿದ್ಯುತ್ತಿಲ್ಲದೆ ಅನಿಲದ ಪಂಪುಗಳು ನಿಂತವು. ಆ ಸರಪಳಿಯ ಇನ್ನೊಂದು ಕೊಂಡಿಯಾಗಿ ಬರುವ ಜಲಜನಕವನ್ನು ಆಪತ್ತಿಗೆ ನಂಬುವುದು ಹೇಗೆ?

ಆದ್ದರಿಂದಲೇ ಸೇನೆಗಳು ಈಗ ಜಲಜನಕವನ್ನು ತಮ್ಮ ಅಂಗಳದಲ್ಲೇ ಮಾಡಿಕೊಳ್ಳಲು ಹೊರಟಿವೆ. 2024ರಲ್ಲಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ನೆಲೆಯಲ್ಲಿ ಜಲಜನಕದ ಪುಟ್ಟ ವಿದ್ಯುತ್ ಜಾಲವೊಂದನ್ನು ಉದ್ಘಾಟಿಸಿದರು. ನಮ್ಮ ದೇಶದಲ್ಲೂ, ಡೀಸೆಲನ್ನು ಬೆಟ್ಟ ಹತ್ತಿಸಿ ಸಾಗಿಸುವ ಲಡಾಖಿಗಾಗಿ, ಭಾರತೀಯ ಸೇನೆ 2023ರ ಮಾರ್ಚ್‌ನಲ್ಲಿ ಎನ್‌ಟಿಪಿಸಿಯ ಅಂಗಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಚುಶೂಲಿನ 200 ಕಿಲೊವಾಟ್ ಯೋಜನೆಯ ಉದ್ದೇಶ ಇಷ್ಟೇ: ಹಗಲಿನ ಬಿಸಿಲಿನಿಂದ ನೀರನ್ನು ಒಡೆದು ಜಲಜನಕ ಕೂಡಿಡುವುದು, ರಾತ್ರಿಯ ಕೊರೆಯುವ ಚಳಿಯಲ್ಲಿ ಅದರಿಂದ ವಿದ್ಯುತ್ ಪಡೆಯುವುದು.

ನಾಳೆಯೇ ತಾವೆಲ್ಲ ಇಂಧನಕೋಶ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಮನೆಗೆ ಅದಿನ್ನೂ ದುಬಾರಿ. ಆದರೆ ಸೇನೆ ಕೇಳಿಕೊಳ್ಳುವ ಪ್ರಶ್ನೆಗಳಿಗೆ ಕಾಸು ಬೇಕಿಲ್ಲ. ನಮ್ಮ ಆಸರೆಯ ಇಂಧನ ಎಲ್ಲಿಂದ ಬರುತ್ತದೆ? ರಸ್ತೆ ಮುಚ್ಚಿದರೆ ಎಷ್ಟು ದಿನ ಸಾಕು? ಕಡೆಯ ಬಾರಿ ಓಡಿಸಿ ನೋಡಿದ್ದು ಯಾವಾಗ? ಜನರೇಟರ್ ಇದ್ದವರು ದಯವಿಟ್ಟು ಅದನ್ನು ಮನೆಯಿಂದ ದೂರ, ಬಯಲಿನಲ್ಲೇ ಓಡಿಸಿ. ಗ್ಯಾರೇಜಿನ ಬಾಗಿಲು ತೆರೆದಿಟ್ಟರೂ ಸಾಲದು.

ಊರಿನಿಂದ ಬಂದ ಅಪ್ಪ ಅಮ್ಮಂದಿರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಕೆಲವರಿಗೆ ಉಸಿರಾಟದ ಯಂತ್ರ ಬೇಕು, ಕೆಲವರ ಇನ್ಸುಲಿನ್ ತಂಪಿನಲ್ಲಿರಬೇಕು. ಯಾರ ಮನೆಯಲ್ಲಿ ಆಸರೆಯ ಕರೆಂಟಿದೆ, ಯಾರಿಗೆ ಅದು ಮೊದಲು ಬೇಕು ಎಂಬ ಒಂದು ಪಟ್ಟಿಯನ್ನು ಸಂಘ ಈ ವರ್ಷವೇ ಮಾಡಲಿ ಎಂಬುದು ನನ್ನ ವಿನಂತಿ. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ ಅಲ್ಲವೇ?