ಮಾರಾಟದ ಮಾತೂ ಅಮಾನತ್ತೇ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನಮ್ಮ ಮನೆಗಳಲ್ಲಿ ಮಗಳು ಸಾಫ್ಟ್‌ವೇರ್ ಮಾರಾಟದ ಉದ್ಯೋಗಕ್ಕೆ ಬೆಂಗಳೂರಿಗೆ ಹೋಗುವೆನೆಂದರೆ, ಹೆಣ್ಣಿಗೇಕೆ ವ್ಯಾಪಾರವೆಂದು ಕೇಳುತ್ತೇವೆ. ಧರ್ಮದ ಹೆಸರಿನಲ್ಲಿ ಹೀಗೆ ಕೇಳುವಾಗ ಹಝ್ರತ್ ಖದೀಜಾ(ರ)ರನ್ನು ನಾವು ಮರೆತಿರುತ್ತೇವೆ. ಮಕ್ಕಾದ ಆ ವರ್ತಕಿ ತಮ್ಮ ಸರಕನ್ನು ಸಿರಿಯಾಕ್ಕೆ ಒಯ್ಯಲು ಮುಹಮ್ಮದ್(ಸ)ರನ್ನು ಆರಿಸಿದ್ದು ಅವರ ಪ್ರಾಮಾಣಿಕತೆಯ ಕೀರ್ತಿಯನ್ನು ಕೇಳಿ. ಆಗಿನ್ನೂ ಅವರಿಗೆ ಪ್ರವಾದಿತ್ವ ಲಭಿಸಿರಲಿಲ್ಲ. ಇಂತಹ ವಿವೇಕವನ್ನೇ ನಾವು ನಾಯಕತ್ವವೆನ್ನುತ್ತೇವೆ.

1974ರಲ್ಲಿ ಟೆಲ್ಕೋದ ಜಾಹೀರಾತು ಸ್ತ್ರೀಯರು ಅರ್ಜಿ ಹಾಕಬೇಕಿಲ್ಲವೆಂದಾಗ, ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ಜೆ.ಆರ್.ಡಿ. ಟಾಟಾರಿಗೆ ಕಾರ್ಡು ಬರೆದು ಪ್ರಶ್ನಿಸಿದರು, ಕೆಲಸವೂ ದೊರೆಯಿತು. ಇಂದು ತಡೆ ಇರುವುದು ನಮ್ಮ ಹೊಸ್ತಿಲಲ್ಲಿ.

ಸಹೋದರಿಯರಿಗೂ ಒಂದು ಮಾತಿದೆ. ಟಾರ್ಗೆಟ್ ಮುಟ್ಟಿಸಲು, ತಂತ್ರಾಂಶದಲ್ಲಿಲ್ಲದ ಸೌಲಭ್ಯವನ್ನು ಇದೆಯೆಂದು ಹೇಳಿ ಒಪ್ಪಂದಕ್ಕೆ ಸಹಿ ಪಡೆಯುವ ಒತ್ತಡ ಬಂದೀತು. ಒದ್ದೆ ಧಾನ್ಯವನ್ನು ಒಳಗಿಟ್ಟ ವ್ಯಾಪಾರಿಯ ರಾಶಿಗೆ ಪ್ರವಾದಿ(ಸ) ಕೈ ಹಾಕಿ ನೋಡಿದ್ದು, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದ್ದು ನಮಗೆಲ್ಲ ಗೊತ್ತು. ಚನ್ನಗಿರಿಯ ಅಡಿಕೆ ಚೀಲಕ್ಕೆ ಕೈ ಹಾಕಿ ನೋಡಬಹುದು, ತಂತ್ರಾಂಶಕ್ಕೆ ಹಾಗೆ ಹಾಕಲಾಗದು. ಕೊಳ್ಳುವವನು ನಿಮ್ಮ ಮಾತನ್ನೇ ನಂಬುತ್ತಾನೆ. ನೀವು ತಂಡದ ಮುಖ್ಯಸ್ಥೆಯಾದಾಗ, ಪ್ರೋತ್ಸಾಹಧನ ಕೈತಪ್ಪಿದರೂ, ಇಲ್ಲದ್ದನ್ನು ಇಲ್ಲವೆನ್ನಿರೆಂದು ಕಿರಿಯರಿಗೆ ಹೇಳಬಲ್ಲಿರಾ?

ಪದವಿ ಮುಗಿಸಿದ ಹುಡುಗಿಯರ ತಂದೆತಾಯಿಯರು ಸಭೆಯ ಬಳಿಕ ದಯವಿಟ್ಟು ಉಳಿಯಿರಿ. ವಸತಿ, ಸುರಕ್ಷೆಯ ಕುರಿತ ನಿಮ್ಮ ಅಳುಕನ್ನು ನಾವು ಕೇಳಬೇಕಿದೆ.