ರೆಪ್ಪೆಯ ಮೇಲಿನ ಕೆಂಪು ಮಚ್ಚೆ: ಕಾಯುವುದು ಬೇಡ

(ಸಂಘದ ವೈದ್ಯಕೀಯ ನೆರವು ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ವೈದ್ಯನಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು, ಡಾಕ್ಟರರಿಂದ ಕೇಳಿ ತಿಳಿದದ್ದನ್ನು ಮಾತ್ರ ಹೇಳುತ್ತೇನೆ.

ಮೊಮ್ಮಗಳಿಗೆ ಮೂರು ವಾರವಾದಾಗ ಎಡಗಣ್ಣಿನ ಮೇಲ್ರೆಪ್ಪೆಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಕಂಡಿತು. "ಹುಟ್ಟುಮಚ್ಚೆ, ತಾನೇ ಹೋಗುತ್ತದೆ" ಎಂದವನು ನಾನೇ. ಎರಡೂವರೆ ತಿಂಗಳಿಗೆ ಅದು ಶೇಂಗಾ ಬೀಜದಷ್ಟು ಊದಿ, ರೆಪ್ಪೆ ಅರ್ಧ ಕಣ್ಣಿಗೆ ಇಳಿದಿತ್ತು.

ಮಕ್ಕಳ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರು. ಇದು ರಕ್ತನಾಳಗಳ ಗಂಟು, ಹೆಸರು ಹಿಮ್ಯಾಂಜಿಯೋಮ. ಕ್ಯಾನ್ಸರ್ ಅಲ್ಲ. ಮೊದಲ ಐದು ತಿಂಗಳಲ್ಲೇ ಬಹುಪಾಲು ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಬೆನ್ನ ಮೇಲೆ ಸಣ್ಣದೊಂದು ಇದ್ದರೆ ಸಾಮಾನ್ಯವಾಗಿ ನೋಡುತ್ತಾ ಕಾಯಬಹುದು. ರೆಪ್ಪೆಯ ಮೇಲಾದರೆ ಹಾಗಲ್ಲ. ಎಳೆಯ ಮಗುವಿನ ಮೆದುಳು ನೋಡುವುದನ್ನು ಕಲಿಯುತ್ತಿರುತ್ತದೆ. ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ ಬರದಿದ್ದರೆ ಆ ಕಣ್ಣನ್ನೇ ಕೈಬಿಡುತ್ತದೆ. ಅದೇ ಸೋಮಾರಿ ಕಣ್ಣು. ಗಂಟು ಕಣ್ಣನ್ನು ಮುಚ್ಚದೆ ಬರೀ ಒತ್ತಿದರೂ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಸೊಟ್ಟಗಾಗಿ ದೃಷ್ಟಿ ಮಸುಕಾಗಬಹುದು. ಗಂಟು ಮುಂದೆ ಕರಗಿದರೂ, ಕಳೆದ ದೃಷ್ಟಿ ತಾನಾಗಿ ಮರಳುವುದಿಲ್ಲ.

ಔಷಧಿ ಪ್ರೊಪ್ರನೊಲಾಲ್. ಹೃದಯಕ್ಕೆ, ಬಿ.ಪಿ.ಗೆ ಕೊಡುತ್ತಿದ್ದ ಹಳೆಯ ಔಷಧಿ. ಈ ಗಂಟನ್ನೂ ಅದು ಕುಗ್ಗಿಸುತ್ತದೆಂದು ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು 2008ರಲ್ಲಿ ಪ್ರಕಟಿಸಿದರು. ಆದರೆ ಮನೆಯಲ್ಲಿರುವ ಮಾತ್ರೆ ಅರೆದು ಕೊಡುವ ಕೆಲಸವಲ್ಲ. ಹೃದಯ ಪರೀಕ್ಷಿಸಿ, ತೂಕ ನೋಡಿ ಡಾಕ್ಟರೇ ಪ್ರಮಾಣ ಹೇಳಬೇಕು. ಹಾಲು ಕುಡಿಸಿದ ಮೇಲೆಯೇ ಕೊಡಬೇಕು. ಮಗು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟರೆ, ಆ ಹೊತ್ತಿನ ಔಷಧಿ ಕೊಡದೆ ಡಾಕ್ಟರಿಗೆ ಫೋನ್ ಮಾಡಬೇಕು. ರಕ್ತದ ಸಕ್ಕರೆ ಇಳಿಯುವ ಅಪಾಯವಿದೆ.

ನಮ್ಮ ಮಗುವಿನ ರೆಪ್ಪೆ ಕೆಲವೇ ವಾರಗಳಲ್ಲಿ ಮೇಲೇರಿತು. ಔಷಧಿ ಹಲವು ತಿಂಗಳು ನಡೆಯಿತು. ಒಳ್ಳೆಯ ಕಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ ಕಟ್ಟಿ ಎಡಗಣ್ಣಿಗೆ ಕೆಲಸ ಕೊಟ್ಟೆವು. ಈಗ ಬಾಲವಾಡಿಗೆ ಹೋಗುತ್ತಾಳೆ, ಕನ್ನಡಕವಿದೆ, ಎರಡೂ ಕಣ್ಣು ಕಾಣುತ್ತವೆ. ನಾನು ಕಳೆದ ಆ ಎರಡು ತಿಂಗಳು ಮಾತ್ರ ಇನ್ನೂ ಮನಸ್ಸನ್ನು ಚುಚ್ಚುತ್ತದೆ.

ನನಗೆ ಪೆನ್ಶನ್ ಇತ್ತು. ಹೋಟೆಲಿನಲ್ಲಿ ದಿನಗೂಲಿ ಮಾಡುವ ನಮ್ಮವರೊಬ್ಬರ ನಾಲ್ಕು ತಿಂಗಳ ಮಗುವಿಗೂ ಇದೇ ತೊಂದರೆ. ಔಷಧಿಯ ಬೆಲೆ ಅವರಿಗೆ ದೊಡ್ಡದಲ್ಲ. ಆಸ್ಪತ್ರೆಗೆ ಹೋದ ದಿನದ ಕೂಲಿ, ಓಡಾಟದ ಖರ್ಚು ದೊಡ್ಡದು. ಎರಡು ತಪಾಸಣೆ ಈಗಾಗಲೇ ತಪ್ಪಿವೆ. ಅವರ ಅರ್ಜಿ ಮುಂದಿನ ಸಮಿತಿ ಸಭೆಗೆ ಕಾಯುತ್ತಿದೆ.

ಬ್ಯಾಂಕಿನಲ್ಲಿ ಕಂತು ತಪ್ಪಿದ ಸಾಲಕ್ಕೂ 90 ದಿನ ನೋಡುತ್ತೇವೆ. ಈ ಕಣ್ಣಿಗೆ ಅಷ್ಟು ಗಡುವಿಲ್ಲ. ಎಳೆಮಕ್ಕಳ ಅರ್ಜಿಗೆ ಇಬ್ಬರು ಪದಾಧಿಕಾರಿಗಳ ಸಹಿಯಲ್ಲೇ ಹಣ ಬಿಡುಗಡೆಯಾಗಲಿ, ಲೆಕ್ಕ ಆಮೇಲೆ ಸಭೆಗೆ ಬರಲಿ. ಪ್ರಯಾಣದ ಖರ್ಚೂ ಅದರಲ್ಲಿ ಸೇರಲಿ. ನನ್ನ ಒಂದು ತಿಂಗಳ ಪೆನ್ಶನ್ನಿನ ಚೆಕ್ಕನ್ನು ಖಜಾಂಚಿಯವರಿಗೆ ಕೊಟ್ಟಿದ್ದೇನೆ. ನಿಮ್ಮ ಕೈಲಾದದ್ದನ್ನು ಸೇರಿಸಿ. ನಿಮ್ಮ ಬಂಧುಬಳಗದಲ್ಲಿ ಕೂಸಿನ ರೆಪ್ಪೆಯ ಮೇಲೆ ಇಂಥ ಮಚ್ಚೆ ಕಂಡರೆ, ನನ್ನ ಹಾಗೆ ಸಮಾಧಾನ ಹೇಳಬೇಡಿ, ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ.